ಇಳಿಯುವ ಅರ್ಧ ಗಂಟೆ ಮುಂಚೆ ಒಂದು ಮಾತು ಹೇಳಿ: ಹಸುಗೂಸುಗಳ ವಿಮಾನ ಪ್ರಯಾಣದ ಕುರಿತು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ನವದೆಹಲಿ

ಪ್ರತಿಗಳು: ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಕರ್ನಾಟಕದ ವಿಮಾನ ನಿಲ್ದಾಣಗಳ ಆಡಳಿತ ವರ್ಗ, ಇಲ್ಲಿಂದ ವಿಮಾನ ಹಾರಿಸುವ ಎಲ್ಲ ಸಂಸ್ಥೆಗಳು

ವಿಷಯ: ಎಳೆಮಕ್ಕಳೊಂದಿಗೆ ಮೊದಲ ಸಲ ವಿಮಾನ ಹತ್ತುವವರಿಗೆ ಸಿಗದೆ ಹೋಗುತ್ತಿರುವ ಮಾಹಿತಿ ಮತ್ತು ಸೌಕರ್ಯ

ಮಾನ್ಯರೇ,

ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ತವರಿನಿಂದ ಹೊರಡುವ ದಾರಿ ಮೊದಲೆಲ್ಲ ಬಸ್ಸಿನದೋ ರೈಲಿನದೋ ಆಗಿರುತ್ತಿತ್ತು. ಈಗ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಶಿವಮೊಗ್ಗಗಳಲ್ಲೂ ವಿಮಾನ ನಿಲ್ದಾಣಗಳಿವೆ. ಕೊಲ್ಲಿ ನಾಡಿನಲ್ಲಿ ದುಡಿಯುವ ಗಂಡನನ್ನು ಸೇರಿಕೊಳ್ಳಲು ಮಂಗಳೂರಿನಿಂದ ಮೂರು ತಿಂಗಳ ಕೂಸಿನೊಂದಿಗೆ ಒಬ್ಬರೇ ಹೊರಡುವ ತಾಯಂದಿರಿದ್ದಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ, ವಾಪಸ್ ಬರುವಾಗ ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಬರುವ ಅಜ್ಜಿಯರಿದ್ದಾರೆ. ಇವರಲ್ಲಿ ಎಷ್ಟೋ ಮಂದಿಗೆ ಅದು ಮಗುವಿನ ಮೊದಲ ವಿಮಾನ ಮಾತ್ರವಲ್ಲ, ತಮ್ಮದೂ ಮೊದಲನೆಯದು.

ಇಂಥ ಕುಟುಂಬಗಳ ಪ್ರಯಾಣಕ್ಕೆ ತಯಾರಿ ಮಾಡಿಸುವ ಕೆಲಸ ನಮ್ಮದು. ಈ ಕೆಲಸದಲ್ಲಿ ನಮಗೆ ಪದೇ ಪದೇ ಕಾಣುವ ಸಂಗತಿ ಒಂದೇ: ಕೂಸಿನ ಬಗ್ಗೆ ನಿಯಮಗಳಿವೆ, ಆ ನಿಯಮಗಳಿಗೆ ಒಳ್ಳೆಯ ಕಾರಣಗಳೂ ಇವೆ, ಆದರೆ ಅವು ತಾಯಿಯ ಕಿವಿಗೆ ಬೀಳುವುದು ಕೌಂಟರಿನ ಮುಂದೆ, ಎಕ್ಸ್‌ರೇ ಯಂತ್ರದ ಮುಂದೆ, ಇಲ್ಲವೇ ಸೀಟಿನಲ್ಲಿ ಕೂತಾದ ಮೇಲೆ. ತಯಾರಿ ಮಾಡಿಕೊಳ್ಳಲು ಅಷ್ಟು ಹೊತ್ತಿಗೆ ಸಮಯವೇ ಇರುವುದಿಲ್ಲ. ಎಲ್ಲೆಲ್ಲಿ ಏನೇನು ಕೈಕೊಡುತ್ತದೆ, ಯಾಕೆ, ತಾವು ಏನು ಮಾಡಬಹುದು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ನಮ್ಮ ಮುಖ್ಯ ಕೋರಿಕೆ ಕೊನೆಯ ಭಾಗದಲ್ಲಿದೆ: ವಿಮಾನ ಇಳಿಯಲು ಶುರುಮಾಡುವಾಗ, ಕಿವಿ ನೋಯದಂತೆ ಕೂಸಿಗೆ ಹಾಲು ಕುಡಿಸಿ ಎಂದು ಹೇಳಿಸಬೇಕು. ದಯವಿಟ್ಟು ಪೂರ್ತಿ ಓದಬೇಕೆಂದು ಕೋರುತ್ತೇವೆ.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಮಗುವಿಗೆ ಹೆಸರಿಡುವುದು ನಾಮಕರಣದ ದಿನ. ಅದು ಹನ್ನೊಂದನೇ ದಿನವೂ ಆಗಬಹುದು, ಮೂರನೇ ತಿಂಗಳೂ ಆಗಬಹುದು. ಜನನ ನೋಂದಣಿಯನ್ನು ಮಾತ್ರ 21 ದಿನದೊಳಗೆ ಮಾಡಿಸಬೇಕು. ಹಾಗಾಗಿ ಎಷ್ಟೋ ಪ್ರಮಾಣಪತ್ರಗಳಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ಟಿಕೆಟ್ಟಿನ ಅರ್ಜಿಯಲ್ಲಿ ಆ ಜಾಗವನ್ನು ಖಾಲಿ ಬಿಡಲು ಬರುವುದಿಲ್ಲ. ಮನೆಯವರು ಕರೆಯುವ ಹೆಸರನ್ನು ತುಂಬಿಸುತ್ತಾರೆ, ಕೌಂಟರಿನಲ್ಲಿ ದಾಖಲೆ ತೋರಿಸಿದಾಗ ಎರಡೂ ತಾಳೆಯಾಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಪ್ರಮಾಣಪತ್ರಕ್ಕೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಹೆಸರಿಡದ ಕೂಸಿನ ಟಿಕೆಟ್ಟಿನಲ್ಲಿ ಏನು ಬರೆಯಬೇಕು ಎಂಬುದಕ್ಕೆ ಎಲ್ಲ ಸಂಸ್ಥೆಗಳಿಗೂ ಒಂದೇ ಪದ್ಧತಿ ಗೊತ್ತುಪಡಿಸಿದರೆ ಈ ಗೊಂದಲ ಒಂದೇ ದಿನದಲ್ಲಿ ತೀರುತ್ತದೆ.

ದಾಖಲೆ ಯಾವುದು ಎಂಬುದರಲ್ಲೂ ಒಮ್ಮತವಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಜನನ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಲಸಿಕೆ ಕಾರ್ಡ್, ಪಾಸ್‌ಪೋರ್ಟ್ ಇವುಗಳಲ್ಲಿ ಒಂದನ್ನು ವಯಸ್ಸಿನ ಪುರಾವೆಯಾಗಿ ಕೇಳುತ್ತಾರೆ. ಆದರೆ ಒಂದು ಕಡೆ ಒಪ್ಪಿದ್ದನ್ನು ಇನ್ನೊಂದು ಕಡೆ ಒಪ್ಪುವುದಿಲ್ಲ. ಫೋನಿನಲ್ಲಿ ತೋರಿಸಿದರೆ ಒಬ್ಬರು ಸರಿ ಎನ್ನುತ್ತಾರೆ, ಮತ್ತೊಬ್ಬರು ಕಾಗದವೇ ಬೇಕೆನ್ನುತ್ತಾರೆ. ಮಡಿಲಲ್ಲಿ ಕೂರಿಸಿಕೊಂಡು ಹೋಗಲು ಕನಿಷ್ಠ ಎಷ್ಟು ದಿನ ತುಂಬಿರಬೇಕು ಎಂಬುದೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಹೊರದೇಶಕ್ಕಾದರೆ ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕೇ ಬೇಕು. ಅರ್ಜಿಯ ಜೊತೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ, ಅಂದರೆ ಪೋಷಕರ ಒಪ್ಪಿಗೆಯ ಘೋಷಣೆ, ಇರಬೇಕು. ಮಗು 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ್ದರೆ ಜನ್ಮದಿನಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಇದೆಲ್ಲ ತಮ್ಮ ಇಲಾಖೆಯ ಕೆಲಸವಲ್ಲ, ಒಪ್ಪುತ್ತೇವೆ. ಆದರೆ ಟಿಕೆಟ್ ಮಾರುವ ಪುಟದಲ್ಲಿ ಕೂಸಿನ ಜನ್ಮದಿನ ತುಂಬಿಸಿದ ಕೂಡಲೇ ಇಷ್ಟನ್ನು ತೋರಿಸಿ ಎಂದು ಸಂಸ್ಥೆಗಳಿಗೆ ಹೇಳುವ ಅಧಿಕಾರ ತಮಗಿದೆ.

ಇನ್ನೊಂದು ಬಲೆ ಎರಡನೇ ಹುಟ್ಟುಹಬ್ಬದ್ದು. ಎರಡು ವರ್ಷ ತುಂಬುವವರೆಗೆ ಮಾತ್ರ ಮಗು ಮಡಿಲಲ್ಲಿ ಹೋಗಬಹುದು. ಈ ಲೆಕ್ಕ ಟಿಕೆಟ್ ತೆಗೆದ ದಿನದ್ದಲ್ಲ, ಹಾರುವ ದಿನದ್ದು. ಹೋಗುವಾಗ ಒಂದು ವರ್ಷ ಹನ್ನೊಂದು ತಿಂಗಳಾಗಿದ್ದ ಮಗುವಿಗೆ ಬರುವಾಗ ಎರಡು ತುಂಬಿರುತ್ತದೆ, ವಾಪಸ್ಸಿನ ಪ್ರಯಾಣಕ್ಕೆ ಬೇರೆ ಸೀಟು ಕೊಳ್ಳಬೇಕಾಗುತ್ತದೆ. ಪರ ಊರಿನ ನಿಲ್ದಾಣದಲ್ಲಿ, ಹೊರಡುವ ದಿನ, ಆ ದಿನದ ದರಕ್ಕೆ. ಹೋಗುವ ತಾರೀಖು, ಬರುವ ತಾರೀಖು, ಜನ್ಮದಿನ ಮೂರೂ ಟಿಕೆಟ್ ಮಾರುವ ಗಣಕದ ಬಳಿಯೇ ಇರುವಾಗ ಅದು ಮೊದಲೇ ಎಚ್ಚರಿಸಬೇಕಿತ್ತು.

ಸೀಟಿನ ವಿಷಯದಲ್ಲಿ ತಮ್ಮ ಇಲಾಖೆಗೆ ಕೃತಜ್ಞತೆ ಹೇಳಬೇಕು. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಪ್ರಯಾಣಿಸುವ 12 ವರ್ಷದವರೆಗಿನ ಮಕ್ಕಳಿಗೆ ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕು, ಅದರ ದಾಖಲೆ ಇಡಬೇಕು ಎಂದು 2024ರ ಏಪ್ರಿಲ್‌ನಲ್ಲಿ ತಾವು ಸುತ್ತೋಲೆ ಹೊರಡಿಸಿದಿರಿ. ಅದಕ್ಕೂ ಮುಂಚೆ ಮೂರು ವರ್ಷದ ಮಗು ಒಂದು ಸಾಲಿನಲ್ಲಿ, ತಾಯಿ ಇನ್ನೊಂದು ಸಾಲಿನಲ್ಲಿ ಕೂತು, ಪಕ್ಕದವರನ್ನು ಕಾಡಿಬೇಡಿ ಜಾಗ ಬದಲಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ಆದರೆ ಅಜ್ಜಿಯ ಟಿಕೆಟ್ ಒಂದು ಕಡೆ, ಮಗಳು ಮೊಮ್ಮಗುವಿನ ಟಿಕೆಟ್ ಇನ್ನೊಂದು ಕಡೆ ತೆಗೆದವರಿಗೆ ‘ಒಂದೇ ಪಿಎನ್‌ಆರ್’ ಎಂಬ ಮಾತಿನ ಬೆಲೆ ಗೊತ್ತಾಗುವುದು ನಿಲ್ದಾಣಕ್ಕೆ ಬಂದ ಮೇಲೆ.

ಅವಳಿ ಮಕ್ಕಳ ಪೋಷಕರಿಗೆ ಇನ್ನೂ ಒಂದು ಮಾತು ಹೇಳಬೇಕಾಗುತ್ತದೆ. ಒಬ್ಬ ದೊಡ್ಡವರ ಮಡಿಲಲ್ಲಿ ಒಂದೇ ಕೂಸು. ಅಷ್ಟೇ ಅಲ್ಲ, ಒಂದು ಕಡೆಯ ಮೂರು ಸೀಟುಗಳ ಸಾಲಿನಲ್ಲೂ ಸಾಮಾನ್ಯವಾಗಿ ಒಂದೇ ಕೂಸು. ಕಾರಣ ತಲೆಯ ಮೇಲಿನ ಡಬ್ಬಿಯಲ್ಲಿದೆ: ಮೂರು ಸೀಟಿಗೆ ನಾಲ್ಕು ಆಮ್ಲಜನಕ ಮಾಸ್ಕ್ ಇರುತ್ತವೆ, ನಾಲ್ಕನೆಯದು ಕೂಸಿಗೆ. ಎರಡು ಕೂಸುಗಳಾದರೆ ಒಬ್ಬರಿಗೆ ಮಾಸ್ಕ್ ಇಲ್ಲ. ಈ ಕಾರಣ ಹೇಳಿದರೆ ಯಾವ ತಂದೆ ತಾಯಿಯೂ ಜಗಳ ಆಡುವುದಿಲ್ಲ. ನಡುದಾರಿಯ ಆಚೆ ಈಚೆ ಇರುವ ಸಿ ಮತ್ತು ಡಿ ಸೀಟು ತೆಗೆದುಕೊಳ್ಳಿ ಎಂದು ಮೊದಲೇ ತಿಳಿಸಿದರೆ ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಕಾರಣ ಹೇಳದೆ, ಕೂತವರನ್ನು ಎಬ್ಬಿಸಿ ಬೇರೆ ಸಾಲಿಗೆ ಕಳಿಸಿದಾಗಲೇ ಮನಸ್ಸು ಕೆಡುವುದು.

ಈಗ ಭದ್ರತಾ ತಪಾಸಣೆಗೆ ಬರುತ್ತೇವೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ಆರು ತಿಂಗಳು ತುಂಬಿದ ಕರ್ನಾಟಕದ ಮಗುವಿನ ಚೀಲದಲ್ಲಿ ಏನಿರುತ್ತದೆ ಎಂಬುದನ್ನು ಒಮ್ಮೆ ನೋಡಿ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬಟ್ಟೆಯಲ್ಲಿ ಜರಡಿ ಹಿಡಿದ ರಾಗಿ ಸರಿ ಹಿಟ್ಟು ಸ್ಟೀಲ್ ಡಬ್ಬಿಯಲ್ಲಿರುತ್ತದೆ. ಥರ್ಮಾಸ್ ಫ್ಲಾಸ್ಕಿನಲ್ಲಿ ಬಿಸಿನೀರು. ಹಾಲು ಕುಡಿಸುವ ಬೆಳ್ಳಿಯ ಒಳಲೆ. ಮಗುವಿನ ಸೊಂಟದಲ್ಲಿ ಬೆಳ್ಳಿ ಉಡಿದಾರ, ಕೈಯಲ್ಲಿ ಕಡಗ, ಕಾಲಲ್ಲಿ ಗೆಜ್ಜೆ. ಎಕ್ಸ್‌ರೇ ತೆರೆಯ ಮುಂದೆ ಕೂತವರಿಗೆ ಸ್ಟೀಲ್ ಡಬ್ಬಿಯೊಳಗಿನ ಸಣ್ಣ ಹಿಟ್ಟು ಏನೆಂದು ತಿಳಿಯುವುದಿಲ್ಲ, ಚೀಲ ಬಿಚ್ಚಿಸುತ್ತಾರೆ. ಉಡಿದಾರಕ್ಕೆ ಕೈಯಂತ್ರ ಕಿರುಚುತ್ತದೆ, ಮಲಗಿದ್ದ ಕೂಸು ಬೆಚ್ಚಿ ಏಳುತ್ತದೆ. ಅವರ ಕರ್ತವ್ಯ ಅವರು ಮಾಡಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಹಿಟ್ಟನ್ನು ಪಾರದರ್ಶಕ ಡಬ್ಬಿಗೆ ಹಾಕಿ ಚೀಲದ ಮೇಲ್ಭಾಗದಲ್ಲಿ ಇಡಿ, ಉಡಿದಾರ ಗೆಜ್ಜೆಗಳನ್ನು ಮನೆಯಲ್ಲೇ ತೆಗೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಜೋಳಿಗೆಯಂತೆ ಕಟ್ಟಿಕೊಂಡ ಬೇಬಿ ಕ್ಯಾರಿಯರನ್ನು ಬಿಚ್ಚಿ ಕೂಸನ್ನು ಕೈಯಲ್ಲಿ ಎತ್ತಿಕೊಂಡು ಚೌಕಟ್ಟು ದಾಟಿ ಎಂದು ನಾವು ಹೇಳಿಕೊಡುತ್ತೇವೆ. ಇದನ್ನು ಸಾಲು ಶುರುವಾಗುವ ಕಡೆ ಕನ್ನಡದಲ್ಲಿ, ಚಿತ್ರದೊಂದಿಗೆ, ಒಂದು ಫಲಕದಲ್ಲಿ ಹಾಕಿದರೆ ಇಬ್ಬರ ಸಮಯವೂ ಉಳಿಯುತ್ತದೆ.

ಹಾಲಿನ ವಿಷಯ ಇದಕ್ಕಿಂತ ಗಂಭೀರ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಕೈಚೀಲದ ದ್ರವಕ್ಕೆ 100 ಮಿಲಿಲೀಟರ್ ಮಿತಿ ಇದೆ. ಕೂಸಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾಗುವಷ್ಟು ವಿನಾಯಿತಿ ಇದೆ. ಆದರೆ ‘ಬೇಕಾಗುವಷ್ಟು’ ಎಂದರೆ ಎಷ್ಟು? ಇದನ್ನು ತೀರ್ಮಾನಿಸುವವರು ಆ ಕ್ಷಣ ಅಲ್ಲಿ ನಿಂತ ಸಿಬ್ಬಂದಿ. ದೇಶದೊಳಗಿನ ಪ್ರಯಾಣವನ್ನೇ ನೋಡಿ: ಬೆಂಗಳೂರಿನಿಂದ ದೆಹಲಿಗೆ ಹಾರಾಟ ಮೂರು ಗಂಟೆಯೊಳಗಿನದು. ಆದರೆ ಮನೆಯಿಂದ ದೇವನಹಳ್ಳಿಗೆ ಒಂದೂವರೆಯಿಂದ ಎರಡು ಗಂಟೆ, ನಿಲ್ದಾಣದಲ್ಲಿ ಎರಡು ಗಂಟೆ, ಇಳಿದು ಸಾಮಾನು ಪಡೆದು ಮನೆ ಸೇರಲು ಮತ್ತೆರಡು ಗಂಟೆ. ಕೂಸಿನ ಲೆಕ್ಕದಲ್ಲಿ ಅದು ಎಂಟೊಂಬತ್ತು ಗಂಟೆಯ ಪ್ರಯಾಣ, ವಿಮಾನ ತಡವಾದರೆ ಹನ್ನೆರಡು. ಅದಕ್ಕೇ ನಾವು ಹನ್ನೆರಡು ಗಂಟೆಗಾಗುವಷ್ಟು ಆಹಾರ, ಎರಡು ಗಂಟೆಗೊಂದರಂತೆ ಆರು ಡೈಪರ್ ಮತ್ತು ಮೇಲೆರಡು, ಮಗುವಿಗೆ ಎರಡು ಜೊತೆ ಬಟ್ಟೆ, ತಾಯಿಗೂ ಒಂದು ಜೊತೆ ಇಟ್ಟುಕೊಳ್ಳಲು ಹೇಳುವುದು. ತಾಯಿಯ ಬಟ್ಟೆಯನ್ನು ಎಲ್ಲರೂ ಮರೆಯುತ್ತಾರೆ, ಕೂಸು ವಾಂತಿ ಮಾಡಿಕೊಳ್ಳುವುದು ತಾಯಿಯ ಮೇಲೇ.

ಹಿಂಡಿಟ್ಟ ಎದೆಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ತಡೆಯುತ್ತದೆ. ಮಂಜುಗಡ್ಡೆಯ ಪ್ಯಾಕೆಟ್‌ಗಳಿರುವ ತಂಪು ಚೀಲದಲ್ಲಿ 24 ಗಂಟೆ ಇಡಬಹುದು. ಆದ್ದರಿಂದ ಹಾಲಿಗೆ ವಿನಾಯಿತಿ ಕೊಟ್ಟು, ಅದನ್ನು ತಂಪಾಗಿಡುವ ಜೆಲ್ ಪ್ಯಾಕೆಟ್ಟನ್ನು ಕಿತ್ತುಕೊಂಡರೆ ಕೊಟ್ಟ ವಿನಾಯಿತಿಗೆ ಅರ್ಥವಿರುವುದಿಲ್ಲ. ಪುಡಿ ಹಾಲನ್ನು ಮೊದಲೇ ಕಲಸಿ ತರಲು ಬರುವುದಿಲ್ಲ, ಕಲಸಿದ ಎರಡು ಗಂಟೆಯೊಳಗೆ ಕುಡಿಸಬೇಕು, ಕೂಸು ಬಾಯಿಟ್ಟ ಮೇಲೆ ಒಂದು ಗಂಟೆ. ಪುಡಿಯಲ್ಲಿರಬಹುದಾದ ರೋಗಾಣು ಸಾಯಲು ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಹಾಗಾಗಿ ಅಳತೆ ಮಾಡಿದ ಪುಡಿ ಬೇರೆ, ಬಿಸಿನೀರಿನ ಫ್ಲಾಸ್ಕ್ ಬೇರೆ ಇರಲೇಬೇಕು. ಎದೆಹಾಲು, ಪುಡಿ, ಬಿಸಿನೀರು, ತಂಪು ಪ್ಯಾಕೆಟ್ ನಾಲ್ಕನ್ನೂ ಹೆಸರಿಸಿ, ಕೂಸು ಜೊತೆಗಿದ್ದರೆ ಬಿಡಬೇಕು ಎಂದು ಒಂದು ಪುಟದ ಆದೇಶವನ್ನು ಭದ್ರತಾ ಬ್ಯೂರೋ ಹೊರಡಿಸಿ, ಅದು ಪೋಷಕರ ಫೋನಿನಲ್ಲೂ ಇರುವಂತಾದರೆ ತಪಾಸಣೆಯ ಮೇಜಿನ ಮುಂದೆ ವಾದವೇ ಇರುವುದಿಲ್ಲ. ಎದೆಹಾಲನ್ನು ತಾಯಿಯೇ ಕುಡಿದು ತೋರಿಸಬೇಕು ಎಂದು ಕೇಳುವುದನ್ನಂತೂ ಆ ಆದೇಶದಲ್ಲಿ ಸ್ಪಷ್ಟವಾಗಿ ನಿಷೇಧಿಸಬೇಕು. ಬಾಟಲಿಗೆ ಬಾಯಿ ತಾಗಿದರೆ ಆ ಹಾಲು ಕೂಸಿಗೆ ಯೋಗ್ಯವಾಗಿ ಉಳಿಯುವುದಿಲ್ಲ.

ತಳ್ಳುಗಾಡಿಯ ಕಥೆ ಚಿಕ್ಕದು. ಬಹಳಷ್ಟು ಸಂಸ್ಥೆಗಳು ಅದನ್ನು ಶುಲ್ಕವಿಲ್ಲದೆ ಒಯ್ಯುತ್ತವೆ, ಒಳ್ಳೆಯದು. ಆದರೆ ಗೇಟಿನವರೆಗೆ ತರಬಹುದೇ, ಕೌಂಟರಿನಲ್ಲೇ ಕೊಡಬೇಕೇ, ಇಳಿದ ಮೇಲೆ ವಿಮಾನದ ಬಾಗಿಲಲ್ಲಿ ಸಿಗುತ್ತದೆಯೇ, ಸಾಮಾನಿನ ಬೆಲ್ಟಿಗೆ ಬರುತ್ತದೆಯೇ ಎಂಬುದು ಆ ದಿನದವರೆಗೂ ತಿಳಿಯುವುದಿಲ್ಲ. ಒಬ್ಬರೇ ಪ್ರಯಾಣಿಸುವ ತಾಯಿ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಚೀಲ ಹಿಡಿದು ಮೆಟ್ಟಿಲಿಳಿದು, ನಿಂತೇ ಹೋಗುವ ಬಸ್ಸಿನಲ್ಲಿ ಕಂಬ ಹಿಡಿಯಲು ಮೂರನೇ ಕೈ ಇಲ್ಲದೆ ತೂರಾಡುವುದನ್ನು ತಾವೇ ಯಾವಾಗಲಾದರೂ ನೋಡಿರಬಹುದು. ವಿಮಾನದ ಬಳಿಯೇ ಗಾಡಿ ವಾಪಸ್ ಕೊಡಲಿ, ಆಗದಿದ್ದರೆ ಟರ್ಮಿನಲ್ ಬಾಗಿಲಲ್ಲಿ ಎರವಲು ಗಾಡಿಗಳನ್ನು ಇಡಲಿ. ಬಸ್ಸಿನಲ್ಲಿರುವ ಕೆಲವೇ ಸೀಟುಗಳನ್ನು ಕೂಸು ಎತ್ತಿಕೊಂಡವರಿಗೆ ಬಿಡಿಸಿಕೊಡುವ ಹೊಣೆ ಗೇಟಿನ ಸಿಬ್ಬಂದಿಗೆ ಇರಲಿ.

ವಿಮಾನದೊಳಗೆ ಮೊದಲ ಪ್ರಶ್ನೆ ಬೆಲ್ಟಿನದು. ಮಡಿಲ ಕೂಸಿಗೆ ನಮ್ಮಲ್ಲಿ ಲೂಪ್ ಬೆಲ್ಟ್ ಕೊಡುತ್ತಾರೆ. ಅದರ ಕುಣಿಕೆಯೊಳಗೆ ದೊಡ್ಡವರ ಬೆಲ್ಟ್ ತೂರಿಸಿ ಮೊದಲು ಅದನ್ನು ಹಾಕಿಕೊಳ್ಳಬೇಕು, ಆಮೇಲೆ ಸಣ್ಣ ಬೆಲ್ಟನ್ನು ಕೂಸಿನ ಹೊಟ್ಟೆಯ ಸುತ್ತ ಬಿಗಿಯಬೇಕು. ಕೈಗೆ ಕೊಟ್ಟು ಮುಂದೆ ಹೋಗಿಬಿಟ್ಟರೆ ಮೊದಲ ಸಲದವರು ಮಾಡುವ ತಪ್ಪು ಒಂದೇ: ತಮ್ಮ ಬೆಲ್ಟನ್ನೇ ಸಡಿಲಿಸಿ ತಮಗೂ ಕೂಸಿಗೂ ಸೇರಿಸಿ ಹಾಕಿಕೊಳ್ಳುವುದು. ವಿಮಾನ ಜೋರಾಗಿ ತಡೆದು ನಿಂತರೆ ದೊಡ್ಡವರ ಮೈಭಾರವೆಲ್ಲ ಕೂಸಿನ ಮೇಲೆ ಬೀಳುತ್ತದೆ. ಎದೆಗೆ ಕಟ್ಟಿಕೊಂಡ ಬೇಬಿ ಕ್ಯಾರಿಯರ್ ಸಾಕು ಎಂದು ಬೆಲ್ಟ್ ಬೇಡ ಎನ್ನುವವರೂ ಇದ್ದಾರೆ. ಏರುವಾಗ ಇಳಿಯುವಾಗ ಅದು ಲೆಕ್ಕಕ್ಕಿಲ್ಲ. ಸಿಬ್ಬಂದಿ ನಿಂತು, ಹಾಕಿಸಿ, ಕೈಯಿಂದ ಎಳೆದು ನೋಡಿ ಮುಂದೆ ಹೋಗಬೇಕು. ಒಂದು ನಿಮಿಷದ ಕೆಲಸ.

ಲೂಪ್ ಬೆಲ್ಟಿಗೂ ಮಿತಿ ಇದೆ ಎಂಬುದನ್ನು ಮುಚ್ಚಿಡಬಾರದು. ಗಾಳಿಯ ಹೊಡೆತಕ್ಕೆ ವಿಮಾನ ಕುಲುಕಿದಾಗ ಕೂಸು ಕೈಜಾರಿ ಹಾರುವುದನ್ನು ಅದು ತಡೆಯುತ್ತದೆ. ದೊಡ್ಡ ಹೊಡೆತದಲ್ಲಿ ಮಾತ್ರ ಬಿಗಿತವೆಲ್ಲ ಕೂಸಿನ ಎಳೆಯ ಹೊಟ್ಟೆಗೆ ಬೀಳುತ್ತದೆ, ಈ ಕಾರಣಕ್ಕೇ ಅಮೆರಿಕ ಅದನ್ನು ಒಪ್ಪಿಲ್ಲ. ಅಲ್ಲಿನ ಸೂ ಸಿಟಿಯಲ್ಲಿ 1989ರ ಜುಲೈ 19ರಂದು ಡಿಸಿ-10 ವಿಮಾನ ಅಪಘಾತಕ್ಕೀಡಾದಾಗ, ಮಡಿಲ ಕೂಸುಗಳನ್ನು ಕಾಲಬುಡದ ನೆಲದ ಮೇಲೆ ಇಡುವಂತೆ ಪೋಷಕರಿಗೆ ಹೇಳಲಾಗಿತ್ತು. ಅವುಗಳಲ್ಲೊಂದು ಉಳಿಯಲಿಲ್ಲ. ಆಮೇಲೆ ಅಲ್ಲಿನ ಅಪಘಾತ ತನಿಖಾ ಮಂಡಳಿ ಪ್ರತಿ ಮಗುವಿಗೂ ಪ್ರತ್ಯೇಕ ಆಸನ ಬೇಕೆಂದು ಹೇಳುತ್ತಲೇ ಬಂದಿದೆ. ಅಮೆರಿಕದ ವಿಮಾನಯಾನ ಆಡಳಿತ ಅದನ್ನು ಕಡ್ಡಾಯ ಮಾಡಿಲ್ಲ. ಸೀಟಿನ ಖರ್ಚಿಗೆ ಹೆದರಿ ಕುಟುಂಬಗಳು ರಸ್ತೆ ಹಿಡಿದರೆ ಅಲ್ಲಿ ಹೋಗುವ ಜೀವಗಳೇ ಹೆಚ್ಚು ಎಂಬುದು ಅದರ ವಾದ. ನಮ್ಮ ಹೆದ್ದಾರಿಗಳನ್ನು ಬಲ್ಲ ಯಾರೂ ಆ ವಾದವನ್ನು ತಳ್ಳಿಹಾಕಲಾರರು. ಹಾಗಾಗಿ ಕಡ್ಡಾಯ ಮಾಡಿ ಎಂದು ನಾವು ಕೇಳುವುದಿಲ್ಲ. ದುಡ್ಡು ಕೊಟ್ಟು ಸೀಟು ಕೊಂಡು ಮಗುವನ್ನು ಅದರದೇ ಆಸನದಲ್ಲಿ ಕೂರಿಸುತ್ತೇವೆ ಎನ್ನುವವರಿಗೆ ದಾರಿ ಮಾಡಿಕೊಡಿ ಎನ್ನುತ್ತೇವೆ. ಯಾವ ಕಾರ್ ಸೀಟ್ (ಕಾರಿನಲ್ಲಿ ಮಗುವನ್ನು ಬಿಗಿದು ಕೂರಿಸುವ ಆಸನ) ನಡೆಯುತ್ತದೆ, ಸೀಟಿನ ತೋಳುಗಳ ನಡುವಿನ ಅಗಲ ಎಷ್ಟು, ಕಿಟಕಿ ಪಕ್ಕವೇ ಆಗಬೇಕೇ ಎಂಬುದನ್ನು ಪ್ರತಿ ಸಂಸ್ಥೆಯೂ ಬರೆದು ಪ್ರಕಟಿಸಲಿ. ಎರಡು ದಾಟಿದ ಮಕ್ಕಳಿಗೆ, ಸೀಟಿನ ಬೆನ್ನಿಗೆ ಬಿಗಿದು ಹೆಗಲ ಮೇಲಿಂದ ಹಾಕುವ ಪಟ್ಟಿಯನ್ನು ಅಮೆರಿಕದಲ್ಲಿ 10ರಿಂದ 20 ಕಿಲೋ ತೂಕ, 100 ಸೆಂಟಿಮೀಟರ್ ಎತ್ತರದವರೆಗೆ ಒಪ್ಪಿದ್ದಾರೆ. ಅದನ್ನು ನಮ್ಮಲ್ಲೂ ಬಳಸಬಹುದೇ ಎಂದು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು.

ದೂರದ ವಿಮಾನಗಳಲ್ಲಿ ಮುಂದಿನ ಗೋಡೆಗೆ ತಗುಲಿಸುವ ತೊಟ್ಟಿಲಿಗೂ ತೂಕದ ಮಿತಿ ಇದೆ, ಬಹುತೇಕ ಕಡೆ ಅದು 10 ಕಿಲೋ ಆಸುಪಾಸು. ಎಂಟು ತಿಂಗಳ ಗುಂಡು ಮಗುವಿಗೆ ಅದು ಸಾಲದೇ ಹೋಗಬಹುದು. ಬೆಲ್ಟ್ ದೀಪ ಹೊತ್ತಿದಾಗಲೆಲ್ಲ ಕೂಸನ್ನು ಎತ್ತಿಕೊಳ್ಳಲೇಬೇಕು ಎಂಬುದನ್ನೂ ಕಾಯ್ದಿರಿಸುವಾಗಲೇ ಹೇಳಬೇಕು.

ಇಷ್ಟೆಲ್ಲ ಬರೆದರೂ, ಈ ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಒಂದು ಕೋರಿಕೆಗಾಗಿ. ಅದು ಕಿವಿಯದು.

ವಿಮಾನ 36,000 ಅಡಿಯಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಿರುತ್ತದೆ. ಏರುವಾಗ ಕಿವಿಯೊಳಗಿನ ಗಾಳಿ ಹಿಗ್ಗಿ, ಮೂಗಿನ ಹಿಂಭಾಗಕ್ಕೆ ಹೋಗುವ ಸಣ್ಣ ನಾಳದ ಮೂಲಕ ತಾನಾಗಿ ಹೊರಬೀಳುತ್ತದೆ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಹೆಚ್ಚುತ್ತಾ ಬರುತ್ತದೆ, ಒಳಗೆ ಗಾಳಿ ಸೇರಬೇಕಾದರೆ ಆ ನಾಳ ತೆರೆಯಬೇಕು. ಮುಖ್ಯವಾಗಿ ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಕೂಸುಗಳಲ್ಲಿ ಆ ನಾಳ ಗಿಡ್ಡ, ಕಿರಿದು, ಅಡ್ಡಲಾಗಿ ಮಲಗಿದಂತಿರುತ್ತದೆ. ಶೀತವಾಗಿದ್ದರೆ ಇನ್ನೂ ಕಟ್ಟಿಕೊಳ್ಳುತ್ತದೆ. ದೊಡ್ಡವರು ಉಗುಳು ನುಂಗಿ ಸರಿಮಾಡಿಕೊಳ್ಳುತ್ತಾರೆ. ಮಲಗಿದ ಕೂಸು ನುಂಗುವುದು ಬಹಳ ಕಡಿಮೆ. ಕಿವಿಯ ತಮಟೆ ಒಳಕ್ಕೆ ಎಳೆದುಕೊಂಡು ನೋವು ಏರಿದ ಮೇಲೆ ಚೀರಿ ಏಳುತ್ತದೆ.

ನೋವು ಊರಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಬೆಂಗಳೂರಿನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್, ಅಂದರೆ 3,000 ಅಡಿ ಮೇಲಿದೆ. ಮಂಗಳೂರಿನದು ಸುಮಾರು 100 ಮೀಟರ್. ಮುಂಬೈ ಕಡಲ ಮಟ್ಟದಲ್ಲೇ ಇದೆ. ದೂರದಿಂದ ಬಂದ ವಿಮಾನ ಬೆಂಗಳೂರಿನಲ್ಲಿ ಇಳಿದರೆ ಕಿವಿ 8,000 ಅಡಿಯಿಂದ 3,000ಕ್ಕೆ ಬಂದಂತೆ. ಮಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದರೆ ಹೆಚ್ಚುಕಡಿಮೆ ನೆಲಮಟ್ಟದವರೆಗೆ. ಕೊಲ್ಲಿಯಿಂದ ರಾತ್ರಿ ಹೊರಟು ಬೆಳಗಿನ ಜಾವ ಮಂಗಳೂರಿಗೆ ಇಳಿಯುವ ವಿಮಾನದಲ್ಲಿ ಕೂಸುಗಳೆಲ್ಲ ಒಟ್ಟಿಗೆ ಅಳಲು ಶುರುಮಾಡುವುದಕ್ಕೆ ಇದೇ ಕಾರಣ. ಹಟವಲ್ಲ, ದೃಷ್ಟಿಯಲ್ಲ, ತಾಯಿಗೆ ಮಗು ನೋಡಿಕೊಳ್ಳಲು ಬಾರದೆಂದೂ ಅಲ್ಲ.

ಪರಿಹಾರ ಎಲ್ಲರಿಗೂ ಗೊತ್ತಿರುವಂಥದ್ದು: ಹಾಲು ಕುಡಿಸಬೇಕು. ಸಿಗದಿರುವುದು ಸಮಯ. ವಿಮಾನ ಕೆಳಗಿಳಿಯಲು ಶುರುಮಾಡುವುದು ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮುಂಚೆ. ಬೆಲ್ಟ್ ದೀಪ ಹೊತ್ತಿ, ಕುರ್ಚಿ ನೇರ ಮಾಡಿ ಎಂದು ಕೂಗುವ ಹೊತ್ತಿಗೆ ಒತ್ತಡದ ಬದಲಾವಣೆ ಆಗಲೇ ಮುಂದೆ ಹೋಗಿರುತ್ತದೆ. ನಿದ್ದೆಯಲ್ಲಿರುವ ಕೂಸನ್ನು ಎಬ್ಬಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಪುಣ್ಯಕ್ಕೆ ಮಲಗಿದೆಯಲ್ಲ ಎಂದು ಸುಮ್ಮನಿರುತ್ತಾರೆ. ಅದೇ ತಪ್ಪಾಗುತ್ತದೆ. ಯಾವಾಗ ಕೆಳಗಿಳಿಯಲು ಶುರು ಎಂಬುದು ಮುಂದೆ ಕೂತ ಪೈಲಟ್‌ಗೆ ಗೊತ್ತು, ಸಿಬ್ಬಂದಿಗೆ ಗೊತ್ತು. ಹಾಗಾಗಿ ಕೂಸುಗಳಿರುವ ಪ್ರತಿ ವಿಮಾನದಲ್ಲೂ, ಕೆಳಗಿಳಿಯಲು ಶುರುಮಾಡುವ ಕ್ಷಣದಲ್ಲಿ, ಇಷ್ಟು ಹೇಳಿಸಿ:

“ವಿಮಾನ ಈಗ ಕೆಳಗಿಳಿಯಲು ಶುರುಮಾಡಿದೆ. ಮಡಿಲ ಮಗು ಮಲಗಿದ್ದರೆ ಎಬ್ಬಿಸಿ, ಹಾಲು ಕುಡಿಸಿ. ದೊಡ್ಡ ಮಕ್ಕಳಿಗೆ ಗುಟುಕು ಗುಟುಕಾಗಿ ನೀರು ಕೊಡಿ.”

ರಾತ್ರಿ ಎಲ್ಲರೂ ಮಲಗಿರುವಾಗ ಧ್ವನಿವರ್ಧಕದಲ್ಲಿ ಹೇಳುವುದು ಬೇಡವೆನಿಸಿದರೆ, ಯಾವ ಸಾಲಿನಲ್ಲಿ ಕೂಸಿದೆ ಎಂಬ ಪಟ್ಟಿ ಸಿಬ್ಬಂದಿಯ ಬಳಿ ಇರುತ್ತದೆ, ಹೋಗಿ ಹೆಗಲು ತಟ್ಟಿ ಹೇಳಬಹುದು. ಕರ್ನಾಟಕಕ್ಕೆ ಬರುವ, ಇಲ್ಲಿಂದ ಹೋಗುವ ವಿಮಾನಗಳಲ್ಲಿ ಇದು ಕನ್ನಡದಲ್ಲಿರಬೇಕು. ಹಿಂದಿಯೂ ಇಂಗ್ಲಿಷೂ ಬಾರದ ಅಜ್ಜಿಯ ಮಡಿಲಲ್ಲೇ ಆ ಕೂಸು ಮಲಗಿರಬಹುದು. ಕುಡಿಸುವಾಗ ಕೂಸಿನ ತಲೆ ಎತ್ತರಕ್ಕಿರಲಿ, ಬೆಲ್ಟ್ ದೀಪ ಹೊತ್ತಿದ ಮೇಲೆ ನೇರ ಕೂರಿಸಿಕೊಂಡು ನಿಪ್ಪಲ್ ಚೀಪಲು ಕೊಡಿ ಎಂಬುದನ್ನೂ ಸಿಬ್ಬಂದಿಗೆ ಕಲಿಸಿದರೆ ಒಳ್ಳೆಯದು. ಕೂಸು ಮಲಗಲೆಂದು ನಿದ್ದೆ ಬರಿಸುವ ಶೀತದ ಸಿರಪ್ ಕುಡಿಸಿ ಕರೆತರುವವರಿದ್ದಾರೆ. ಎರಡು ವರ್ಷದೊಳಗಿನವರಿಗೆ ಅದು ಅಪಾಯ, ಕಿವಿಯ ವಿಷಯದಲ್ಲಂತೂ ನುಂಗುವುದನ್ನು ಕಡಿಮೆ ಮಾಡಿ ನೋವು ಹೆಚ್ಚಿಸಬಹುದು. ಟಿಕೆಟ್ ಜೊತೆಯ ಹಾಳೆಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಇನ್ನು ತಡವಾಗುವ ವಿಮಾನಗಳು. ಬಾಗಿಲು ಹಾಕಿದ ಮೇಲೆ ನೆಲದಲ್ಲೇ ನಿಂತ ವಿಮಾನದೊಳಗೆ ಎಸಿ ಕುಂದಿದರೆ ಮೊದಲು ಬಸವಳಿಯುವುದು ಎಳೆಮಕ್ಕಳು. ಬಹಳ ತಡವಾದಾಗ ಹತ್ತಿದವರನ್ನು ಮತ್ತೆ ನಿರ್ಗಮನ ದ್ವಾರದ ಮೂಲಕ ಹೊರಗೆ ಬಿಡಬಹುದೆಂದು ಭದ್ರತಾ ಬ್ಯೂರೋ 2024ರಲ್ಲಿ ದಾರಿ ಮಾಡಿಕೊಟ್ಟಿದೆ. ವಿಮಾನದಲ್ಲಿ ಕೂಸಿದ್ದಾಗ ಆ ತೀರ್ಮಾನಕ್ಕೆ ಎಷ್ಟು ನಿಮಿಷ ಕಾಯಬೇಕು ಎಂಬುದನ್ನು ಗೊತ್ತುಪಡಿಸಿ. ಚಿಕ್ಕ ಹಾರಾಟಗಳು ಎರಡು ಗಂಟೆ ತಡವಾದರೆ ತಿಂಡಿ ಕೊಡಬೇಕೆಂಬ ತಮ್ಮ ನಿಯಮದಡಿ ಕೊಡುವ ಸ್ಯಾಂಡ್‌ವಿಚ್, ಜ್ಯೂಸ್ ಒಂಬತ್ತು ತಿಂಗಳ ಮಗುವಿಗೆ ಆಗುವುದಿಲ್ಲ. ಇಡ್ಲಿ, ಬಾಳೆಹಣ್ಣು, ಒಂದು ಲೋಟ ಕುದಿಸಿದ ನೀರು ಅದೇ ಪಟ್ಟಿಯಲ್ಲಿ ಸೇರಲಿ. ಡೈಪರ್ ಬದಲಿಸುವ ಮಡಚು ಹಲಗೆ ಯಾವ ಶೌಚಾಲಯದಲ್ಲಿದೆ ಎಂದು ಬಾಗಿಲ ಮೇಲೆ ಗುರುತು ಹಾಕಲಿ. ನಿಲ್ದಾಣದ ಮಗು ಆರೈಕೆ ಕೋಣೆಗೆ ತಂದೆಯೂ ಹೋಗುವಂತಿರಲಿ, ಹಾಲುಣಿಸುವ ಜಾಗ ಪರದೆಯಿಂದ ಬೇರೆಯಾಗಿರಲಿ.

ಕಾರ್ ಸೀಟಿನ ನಿಯಮ, ಎರವಲು ಗಾಡಿ, ಕೋಣೆಗಳು ಇವಕ್ಕೆಲ್ಲ ಸಮಯ ಬೇಕು, ಹಣ ಬೇಕು, ಬಲ್ಲೆವು. ಇಳಿಯುವಾಗಿನ ಆ ಮಾತಿಗೆ ಎರಡೂ ಬೇಡ, 12 ವರ್ಷದ ಮಕ್ಕಳ ಸೀಟಿಗೆ ಹೊರಡಿಸಿದಂಥದೇ ಒಂದು ಸುತ್ತೋಲೆ ಸಾಕು. ಬೇಸಿಗೆ ರಜೆಯ ಪ್ರಯಾಣ ಶುರುವಾಗುವ ಮೊದಲು ಅದನ್ನು ಹೊರಡಿಸಬೇಕೆಂದು ಕೋರುತ್ತೇವೆ. ಟಿಕೆಟ್ ಜೊತೆ ಕೊಡಬೇಕಾದ ಒಂದು ಪುಟದ ಕನ್ನಡ ಹಾಳೆಯ ಕರಡನ್ನು ನಾವೇ ಸಿದ್ಧಪಡಿಸಿ, ಮಕ್ಕಳ ವೈದ್ಯರಿಂದ ತಿದ್ದಿಸಿ ಕೊಡಲು ತಯಾರಿದ್ದೇವೆ. ಯಾರಿಗೆ ಕಳಿಸಬೇಕೆಂದು ತಿಳಿಸಿದರೆ ಕಳಿಸುತ್ತೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿಗಳು,
ಎಳೆಮಕ್ಕಳ ಮೊದಲ ಪ್ರಯಾಣಕ್ಕೆ ನೆರವಾಗುವ ಬಳಗದವರು
ಬೆಂಗಳೂರು